ಸಮ್ಮೇಳನಕ್ಕೆ ಒಬ್ಬರೇ ಹೊರಟಾಗ ಊಟೋಪಚಾರ: ಆಯ್ಕೆ, ಬಿಲ್ಲು ಮತ್ತು ಲೆಕ್ಕ

ಮಾಚೇನಹಳ್ಳಿಯ ಸಣ್ಣ ಉದ್ದಿಮೆದಾರರು ವಸ್ತುಪ್ರದರ್ಶನ, ತಾಂತ್ರಿಕ ಸಮ್ಮೇಳನ ಹಾಗೂ ಖರೀದಿದಾರರ ಸಭೆಗಳಿಗೆ ಸಾಮಾನ್ಯವಾಗಿ ಒಬ್ಬರೇ ಹೋಗುತ್ತಾರೆ. ಮಾಲೀಕರು ಹೊರಟರೆ ಕಾರ್ಖಾನೆ ನೋಡಿಕೊಳ್ಳಲು ಮತ್ತೊಬ್ಬರು ಉಳಿಯಲೇಬೇಕು; ಇಬ್ಬರ ಪ್ರವಾಸ ವೆಚ್ಚವನ್ನು ಭರಿಸುವುದು ಸಣ್ಣ ಘಟಕಕ್ಕೆ ಸುಲಭವೂ ಅಲ್ಲ. ರೈಲು ಟಿಕೆಟ್ಟು, ಪ್ರವೇಶ ನೋಂದಣಿ, ವಿಸಿಟಿಂಗ್ ಕಾರ್ಡು ಎಲ್ಲವೂ ಮುಂಚಿತವಾಗಿ ಸಿದ್ಧವಾಗುತ್ತವೆ. ಊಟದ ವಿಚಾರವನ್ನು ಮಾತ್ರ ಹಸಿವಾದಾಗ ನೋಡೋಣವೆಂದು ಬಿಟ್ಟಿರುತ್ತಾರೆ. ಸಿಕ್ಕಿದ್ದನ್ನು ತಿಂದು ಎರಡನೆಯ ದಿನ ಹೊಟ್ಟೆ ಕೆಟ್ಟು ಕೋಣೆಯಲ್ಲಿ ಮಲಗಿದರೆ, ಪ್ರವಾಸಕ್ಕೆ ಮಾಡಿದ ಇಡೀ ವೆಚ್ಚ ವ್ಯರ್ಥವಾದಂತೆಯೇ. ಆದ್ದರಿಂದ ಊಟವನ್ನೂ ಪ್ರವಾಸದ ಆಯವ್ಯಯದ ಒಂದು ಬಾಬತ್ತೆಂದು ಪರಿಗಣಿಸಿ ಮೊದಲೇ ಯೋಜಿಸುವುದು ಲೇಸು.

ವಸತಿಯ ಆಯ್ಕೆಯೇ ಮೊದಲ ಹೆಜ್ಜೆ

ನಮ್ಮ ಸದಸ್ಯರಿಗೆ ಪರಿಚಿತವಾದ ಬೆಂಗಳೂರು ಅಂತಾರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಇಮ್‌ಟೆಕ್ಸ್ ಯಂತ್ರೋಪಕರಣ ಪ್ರದರ್ಶನ ನಡೆಯುವ ಈ ಕೇಂದ್ರ ತುಮಕೂರು ರಸ್ತೆಯ ಮಾದಾವರದಲ್ಲಿದೆ. ಹೆದ್ದಾರಿಯ ಬದಿಯ ಈ ಸ್ಥಳದ ಹತ್ತಿರವೇ ಕೋಣೆ ಹಿಡಿದರೆ, ಸಂಜೆ ಊಟಕ್ಕೆ ನಡೆದು ಹೋಗಬಲ್ಲ ಹೋಟೆಲುಗಳು ಕಡಿಮೆ. ಆದರೆ 2024ರ ನವೆಂಬರ್ 7ರಂದು ಮೆಟ್ರೋ ಹಸಿರು ಮಾರ್ಗವು ನಾಗಸಂದ್ರದಿಂದ ಮಾದಾವರದವರೆಗೆ ವಿಸ್ತರಣೆಗೊಂಡಿದೆ. ಶಿವಮೊಗ್ಗದಿಂದ ತುಮಕೂರಿನ ಮೇಲೆ ಹೋಗುವ ರೈಲಿನಲ್ಲಿ ಯಶವಂತಪುರದಲ್ಲಿ ಇಳಿದವರಿಗೆ ಅದೇ ಮಾರ್ಗದ ಮೆಟ್ರೋ ನಿಲ್ದಾಣ ಅಲ್ಲೇ ಸಿಗುತ್ತದೆ. ಯಶವಂತಪುರ ಅಥವಾ ಮೆಜೆಸ್ಟಿಕ್ ಸುತ್ತ ತಂಗಿದರೆ ಮಾರ್ಗ ಬದಲಿಸದೆ ಪ್ರದರ್ಶನಕ್ಕೂ ಹೋಗಬಹುದು, ಒಳ್ಳೆಯ ಊಟಕ್ಕೂ ಹೋಗಬಹುದು.

ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಇಳಿದರೆ ಮಲ್ಲೇಶ್ವರ. ಅಲ್ಲಿ ಬೆಣ್ಣೆ ಮಸಾಲೆಗೆ ಹೆಸರಾದ ಸಿಟಿಆರ್, ಇಡ್ಲಿಗೆ ವೀಣಾ ಸ್ಟೋರ್ಸ್ ಇವೆ. ನ್ಯಾಷನಲ್ ಕಾಲೇಜು ನಿಲ್ದಾಣದಿಂದ ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ (1943) ಹೋಗಬಹುದು. ಲಾಲ್‌ಬಾಗ್ ರಸ್ತೆಯಲ್ಲಿ 1924ರಲ್ಲಿ ಸ್ಥಾಪನೆಯಾದ ಎಂಟಿಆರ್ ಇದೆ. ಹಳೆಯ ಹೋಟೆಲುಗಳಿಗೆ ವಾರದ ರಜೆಯೂ ಮಧ್ಯಾಹ್ನದ ಬಿಡುವೂ ಇರುವುದರಿಂದ ಹೊರಡುವ ಮೊದಲು ದೂರವಾಣಿಯಲ್ಲಿ ವಿಚಾರಿಸತಕ್ಕದ್ದು. ಇಂತಹ ಕಡೆ ಕಾಯುವ ಸಾಲು ಕಂಡು ಹಿಂಜರಿಯಬೇಕಾಗಿಲ್ಲ. ಕುಟುಂಬಕ್ಕೆ ಇಡೀ ಮೇಜು ಬೇಕು, ಒಬ್ಬರಿಗೆ ಒಂದು ಕುರ್ಚಿ ಸಾಕು.

ಹೊತ್ತಿಗೆ ತಕ್ಕ ಊಟ

ಬೆಳಗಿನ ಉಪಾಹಾರಕ್ಕೆ ದರ್ಶಿನಿಯೇ ಒಂಟಿ ಪ್ರಯಾಣಿಕರಿಗೆ ಅನುಕೂಲ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಚೀಟಿ ಪಡೆದು ನಿಂತೇ ತಿನ್ನುವುದರಿಂದ ಸಮಯವೂ ಹಣವೂ ಉಳಿಯುತ್ತವೆ. ಅಡುಗೆ ಕಣ್ಣೆದುರೇ ನಡೆಯುತ್ತದೆ. ಮಧ್ಯಾಹ್ನ ಮಾತ್ರ ರುಚಿಯನ್ನು ಹುಡುಕಿಕೊಂಡು ಹೊರಗೆ ಹೋಗಬಾರದು. ಸಮ್ಮೇಳನದ ಊಟದ ಸಾಲಿನಲ್ಲೇ ಖರೀದಿ ಅಧಿಕಾರಿಗಳು ಬಿಡುವಾಗಿ ಮಾತಿಗೆ ಸಿಗುವುದು. ಮಳಿಗೆಯ ಎದುರು ಎರಡು ನಿಮಿಷ ಸಿಗದವರು ಅಲ್ಲಿ ಇಪ್ಪತ್ತು ನಿಮಿಷ ಸಿಗುತ್ತಾರೆ. ಹುಡುಕಾಟವೇನಿದ್ದರೂ ರಾತ್ರಿಗೆ ಇರಲಿ. ಮಾಂಸಾಹಾರ ಬಯಸುವವರು ಮಿಲಿಟರಿ ಹೋಟೆಲುಗಳನ್ನು ವಿಚಾರಿಸಬಹುದು. ಆದರೆ ಅಡುಗೆ ಮುಗಿಯುವ ಮುನ್ನವೇ ತಲುಪಬೇಕು. ಮಧುಮೇಹ ಉಳ್ಳವರು ಊಟದ ವೇಳೆ ತಪ್ಪದಂತೆ ಕೈಚೀಲದಲ್ಲಿ ಏನಾದರೂ ಇರಿಸಿಕೊಳ್ಳುವುದು ಅವಶ್ಯ. ಮಹಿಳಾ ಉದ್ದಿಮೆದಾರರು ರಾತ್ರಿಯ ಊಟಕ್ಕೆ ವಸತಿಗೃಹದಿಂದ ಬೆಳಕಿರುವ ರಸ್ತೆಯಲ್ಲಿ ನಡೆದು ಹೋಗಬಲ್ಲ, ಕುಟುಂಬಗಳು ಬರುವ ಹೋಟೆಲನ್ನು ಹಗಲಿನಲ್ಲೇ ನೋಡಿಟ್ಟುಕೊಳ್ಳುವುದು ಉತ್ತಮ.

ಪರಿಚಯವಿಲ್ಲದ ಊರಿನಲ್ಲಿ ಪ್ರದರ್ಶನ ಮಳಿಗೆಯ ಸ್ಥಳೀಯ ಉದ್ದಿಮೆದಾರರನ್ನು ಕೇಳುವುದು ಸೂಕ್ತ. "ಇಲ್ಲಿ ಯಾವ ಹೋಟೆಲು ಪ್ರಸಿದ್ಧ?" ಎಂದು ಕೇಳಿದರೆ ದೊಡ್ಡ ಹೆಸರೊಂದು ಬರುತ್ತದೆ. "ತಾವು ದಿನವೂ ಎಲ್ಲಿ ಊಟ ಮಾಡುತ್ತೀರಿ?" ಎಂದು ಕೇಳಿದರೆ ಉಪಯೋಗಕ್ಕೆ ಬರುವ ಉತ್ತರ ದೊರೆಯುತ್ತದೆ. ಊಟದ ಹೊತ್ತಿಗೆ ಸ್ಥಳೀಯರಿಂದ ತುಂಬಿರುವ, ತಿನಿಸುಗಳ ಪಟ್ಟಿ ಚಿಕ್ಕದಾಗಿರುವ ಹೋಟೆಲಿನಲ್ಲಿ ಪದಾರ್ಥ ಹಳಸಲು ಅವಕಾಶ ಕಡಿಮೆ. ದಾಸ್ತಾನು ಬೇಗ ಖಾಲಿಯಾಗುವ ಅಂಗಡಿಯ ನಿಯಮವೇ ಇಲ್ಲಿಯೂ ಅನ್ವಯಿಸುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಸಂಖ್ಯೆ ಬಿಲ್ಲಿನಲ್ಲಿ ಇದೆಯೇ ಎಂಬುದನ್ನೂ ನೋಡಬಹುದು.

ಬಿಲ್ಲನ್ನು ಓದುವ ಬಗೆ

ಪ್ರವಾಸದಿಂದ ಹಿಂದಿರುಗಿದವರು ಕೇಳುವ ಮೊದಲ ಪ್ರಶ್ನೆ: "ಹೋಟೆಲಿನಲ್ಲಿ ನಮ್ಮ ಜಿಎಸ್‌ಟಿ ಸಂಖ್ಯೆ ಕೊಟ್ಟಿದ್ದೇವೆ, ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲವೇ?" ಊಟದ ಮೇಲಿನ ತೆರಿಗೆಗೆ ಸಿಗುವುದಿಲ್ಲ. ಆಹಾರ ಪಾನೀಯಗಳ ಜಮೆಯನ್ನು ಜಿಎಸ್‌ಟಿ ಕಾಯ್ದೆಯ 17(5)ನೇ ಕಲಮು ತಡೆದಿದೆ. ತಯಾರಿಕಾ ಘಟಕದ ಮಾಲೀಕರ ಪ್ರವಾಸದ ಊಟ ಅದರ ವಿನಾಯಿತಿಗಳಲ್ಲಿ ಬರುವುದಿಲ್ಲ. ವಸತಿಯ ಮಾತು ಬೇರೆ. ವಸತಿಗೃಹವು ಕರ್ನಾಟಕದಲ್ಲಿದ್ದು, ತಮ್ಮ ನೋಂದಣಿಯೂ ಇಲ್ಲಿಯದೇ ಆಗಿದ್ದು, ವಾಸ್ತವ್ಯ ವ್ಯಾಪಾರಕ್ಕಾಗಿಯೇ ಆಗಿದ್ದರೆ ಕೋಣೆಯ ಬಾಡಿಗೆಯ ಮೇಲಿನ ತೆರಿಗೆಗೆ ಜಮೆ ಪಡೆಯಬಹುದು. ಕೊಯಮತ್ತೂರಿನಲ್ಲಿ ತಂಗಿದರೆ ಅಲ್ಲಿ ವಿಧಿಸುವುದು ತಮಿಳುನಾಡಿನ ತೆರಿಗೆಯಾದ್ದರಿಂದ ಇಲ್ಲಿಯ ನೋಂದಣಿಗೆ ಅದು ಸಲ್ಲುವುದಿಲ್ಲ.

ಉದಾಹರಣೆಗೆ, ದಿನಕ್ಕೆ 3,000 ರೂ. ಬಾಡಿಗೆಯ ಕೋಣೆಯಲ್ಲಿ ಎರಡು ರಾತ್ರಿ ಬೆಂಗಳೂರಿನಲ್ಲಿ ತಂಗಿ, ಹೊರಗಿನ ಹೋಟೆಲುಗಳಲ್ಲಿ 2,000 ರೂ.ಗಳ ಊಟ ಮಾಡಿದ್ದೀರೆನ್ನಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ.ವರೆಗಿನ ಕೋಣೆಗೆ ಶೇ. 5 ತೆರಿಗೆ ಇರುವುದರಿಂದ ವಸತಿಯ ತೆರಿಗೆ 300 ರೂ.; ಇದು ಜಮೆಗೆ ಅರ್ಹ. ಊಟದ ಮೇಲಿನ ಶೇ. 5 ತೆರಿಗೆ 100 ರೂ.; ಇದು ವೆಚ್ಚಕ್ಕೇ ಸೇರುತ್ತದೆ. ಆದ್ದರಿಂದ ಎರಡಕ್ಕೂ ಪ್ರತ್ಯೇಕ ಬಿಲ್ಲು ಕೇಳಿ ಪಡೆಯಿರಿ. ದುಬಾರಿ ಕೋಣೆಗಳ ದೊಡ್ಡ ಹೋಟೆಲಿನೊಳಗಿನ ಊಟಕ್ಕೆ ಶೇ. 18 ತೆರಿಗೆ ಬೀಳುತ್ತದೆ. 800 ರೂ. ಊಟಕ್ಕೆ ಅಲ್ಲಿ 144 ರೂ. ತೆರಿಗೆಯಾದರೆ, ಹೊರಗೆ 40 ರೂ. ಮಾತ್ರ.

ಕಾಂಪೋಸಿಷನ್ ಪದ್ಧತಿಯಲ್ಲಿರುವ ಸಣ್ಣ ಹೋಟೆಲು ಗ್ರಾಹಕರಿಂದ ತೆರಿಗೆಯನ್ನು ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ. ಸೇವಾ ಶುಲ್ಕವೆಂಬುದು ತೆರಿಗೆಯಲ್ಲ. ಅದನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಸೂಚಿಸಿತು, ದೆಹಲಿ ಉಚ್ಚ ನ್ಯಾಯಾಲಯ 2025ರ ಮಾರ್ಚ್‌ನಲ್ಲಿ ಆ ಸೂಚನೆಯನ್ನು ಎತ್ತಿಹಿಡಿಯಿತು. ಬಿಲ್ಲಿನಲ್ಲಿ ಕಂಡರೆ ವಿನಯದಿಂದಲೇ ತೆಗೆಸಬಹುದು.

ಲೆಕ್ಕಪುಸ್ತಕದಲ್ಲಿ

ಆದಾಯ ತೆರಿಗೆ ಕಾನೂನಿನಂತೆ ಸಂಪೂರ್ಣವಾಗಿ ವ್ಯಾಪಾರಕ್ಕಾಗಿಯೇ ಮಾಡಿದ ವೆಚ್ಚಕ್ಕೆ ಮಾತ್ರ ಮಾನ್ಯತೆ ಇದೆ. ಪ್ರವೇಶ ಪತ್ರ, ಟಿಕೆಟ್ಟು, ಬಿಲ್ಲುಗಳನ್ನು ಒಂದೇ ಲಕೋಟೆಯಲ್ಲಿಟ್ಟು, ಭೇಟಿಯಾದ ಸಂಸ್ಥೆಗಳ ಹೆಸರನ್ನು ಅದರ ಮೇಲೆ ಬರೆದಿಡಿ. ದರ್ಶಿನಿಯ ಚೀಟಿಯಂತಹ ಸಣ್ಣ ವೆಚ್ಚಕ್ಕೆ ದಿನಾಂಕ, ಸ್ಥಳ ಬರೆದು ಸಹಿ ಮಾಡಿದ ವೋಚರು ಇರಲಿ. ಒಬ್ಬರಿಗೇ ಒಂದು ದಿನದಲ್ಲಿ 10,000 ರೂ. ಮೀರಿ ನಗದು ಕೊಟ್ಟರೆ ಆ ವೆಚ್ಚ ತಿರಸ್ಕೃತವಾಗುವುದರಿಂದ ವಸತಿಯ ಬಿಲ್ಲನ್ನು ಬ್ಯಾಂಕ್ ಮೂಲಕವೇ ಪಾವತಿಸಿ. ಪ್ರವಾಸದ ಜೊತೆಗೆ ಕುಟುಂಬದ ವಿಹಾರ ಸೇರಿದ್ದರೆ ಆ ಭಾಗವನ್ನು ಸ್ವಂತ ಖಾತೆಗೆ ಹಾಕತಕ್ಕದ್ದು.

ನಮ್ಮಲ್ಲಿಗೆ ಬರುವ ಅತಿಥಿ

ಇದೇ ವಿಚಾರಕ್ಕೆ ಇನ್ನೊಂದು ಮುಖವಿದೆ. ಚೆನ್ನೈ, ಪುಣೆಗಳಿಂದ ಎರಕದ ಗುಣಮಟ್ಟ ಪರೀಕ್ಷಿಸಲು ಮಾಚೇನಹಳ್ಳಿಗೆ ಬರುವವರೂ ಬಹುಮಟ್ಟಿಗೆ ಒಬ್ಬರೇ ಬರುತ್ತಾರೆ. ಶಿವಮೊಗ್ಗ, ಭದ್ರಾವತಿಗಳ ನಡುವೆ ಇರುವ ನಮ್ಮ ಕೈಗಾರಿಕಾ ಪ್ರದೇಶದಿಂದ ಕೆಲಸ ಮುಗಿಸಿ ಹೊರಟವರಿಗೆ ಊಟ ಎಲ್ಲಿ ಎಂಬುದು ತಿಳಿದಿರುವುದಿಲ್ಲ. ಶಿವಮೊಗ್ಗದ ಒಳ್ಳೆಯ ಹೋಟೆಲುಗಳ ಹೆಸರು, ವೇಳೆ, ರಜೆಯ ದಿನ, ಅಕ್ಕಿ ರೊಟ್ಟಿ, ಕಡುಬು ದೊರೆಯುವ ಸ್ಥಳ, ನಂಬಿಕಸ್ಥ ಆಟೋ ಚಾಲಕರ ದೂರವಾಣಿ ಇಷ್ಟನ್ನು ಒಂದು ಹಾಳೆಯಲ್ಲಿ ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ ಮುದ್ರಿಸಿ ಕಚೇರಿಯಲ್ಲಿ ಇಟ್ಟರೆ ವೆಚ್ಚ ಅತ್ಯಲ್ಪ. ಪ್ರತಿ ಘಟಕವೂ ಬೇರೆ ಬೇರೆ ಮಾಡುವ ಬದಲು ನೆರೆಹೊರೆಯ ನಾಲ್ಕಾರು ಘಟಕಗಳು ಸೇರಿ ಸಿದ್ಧಪಡಿಸಿದರೆ ಇನ್ನೂ ಅನುಕೂಲ. ಆರು ತಿಂಗಳಿಗೊಮ್ಮೆ ಅದನ್ನು ಪರಿಷ್ಕರಿಸುವ ಹೊಣೆ ಒಬ್ಬರಿಗೆ ವಹಿಸಿದರಾಯಿತು.