ಸರಳ ಬಾಳಿನ ಜಮಾಖರ್ಚು

ಅಮೆರಿಕದ ಹೆನ್ರಿ ಡೇವಿಡ್ ಥೋರೋ ೧೮೪೫ರ ಜುಲೈ ೪ರಂದು ವಾಲ್ಡನ್ ಕೊಳದ ದಡದ ಕಾಡಿನಲ್ಲಿ ಒಂಟಿಯಾಗಿ ವಾಸಕ್ಕೆ ನಿಂತನು. ತಾನೇ ಕಟ್ಟಿದ ಮನೆ ಹತ್ತಡಿ ಅಗಲ, ಹದಿನೈದಡಿ ಉದ್ದ; ಹೆಚ್ಚುಕಡಿಮೆ ನಮ್ಮ ಚಾಳಿನ ಖೋಲಿಯಷ್ಟು. ತಗುಲಿದ ವೆಚ್ಚ ೨೮ ಡಾಲರ್ ೧೨½ ಸೆಂಟು. ಮೊಳೆಗಳ ಖರ್ಚನ್ನೂ ಬರೆದಿಟ್ಟಿದ್ದಾನೆ.

ಆದರೆ ವಸ್ತುವಿನ ನಿಜವಾದ ಬೆಲೆ ಹಣವಲ್ಲ, ಅದಕ್ಕಾಗಿ ತೆತ್ತ ಆಯುಷ್ಯ ಎಂಬುದು ಅವನ ಲೆಕ್ಕ. ವರ್ಷಕ್ಕೆ ಸುಮಾರು ಆರು ವಾರದ ದುಡಿಮೆ ಅವನ ಹೊಟ್ಟೆಬಟ್ಟೆಗೆ ಸಾಕಾಯಿತು. ಉಳಿದ ಕಾಲ ಓದು, ಬರಹ, ಕಾಡಿನ ಒಡನಾಟ. ತಳವೇ ಇಲ್ಲವೆಂದು ಜನ ನಂಬಿದ್ದ ಕೊಳವನ್ನು ಅಳೆದು ೧೦೨ ಅಡಿ ಎಂದು ತೋರಿಸಿದನು.

ಗಿರಣಿ ಗುಮಾಸ್ತನಾದ ನನಗೆ ಸಂಸಾರ ಬಿಟ್ಟು ಕಾಡಿಗೆ ಹೋಗುವುದು ಆಗದ ಮಾತು. ಆದರೂ ಲೆಕ್ಕ ಹಾಕಿದೆ: ಕಂತಿನ ಮೇಲೆ ಕೊಂಡ ಕಪಾಟಿಗೆ ನಾನು ತೆತ್ತದ್ದು ಎಂಟು ತಿಂಗಳ ಭಾನುವಾರಗಳು. ಮಕ್ಕಳೊಡನೆ ಸಮುದ್ರದ ಉಬ್ಬರ ನೋಡಬಹುದಾಗಿದ್ದ ದಿನಗಳವು. ವಾಚಕರೇ, ಕೊಳ್ಳುವ ಮುನ್ನ ಈ ಲೆಕ್ಕವನ್ನೂ ಬರೆಯೋಣ.