ಎಚ್ಚರಿಕೆ ಬಂತು ಸರಿ, ಅರ್ಥ ಆಯ್ತಾ?

2022ರ ಸೆಪ್ಟೆಂಬರ್‌ನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ 89 ವರ್ಷಗಳ ಬಳಿಕ ಕೋಡಿ ಬಿತ್ತು. ಕರ್ನಾಟಕಕ್ಕೆ ಅದು ಸಂಭ್ರಮ. ಆದರೆ ಅದೇ ವೇದಾವತಿ ನದಿ ಗಡಿ ದಾಟಿ ಆಂಧ್ರದ ರಾಯದುರ್ಗ ಭಾಗಕ್ಕೆ, ಭೈರವಾನಿತಿಪ್ಪ ಅಣೆಕಟ್ಟಿಗೆ ಹರಿಯುತ್ತದೆ. ಮೇಲಿನವರ ಸಂಭ್ರಮ ಕೆಳಗಿನವರಿಗೆ ಎಚ್ಚರಿಕೆ. ಆ ಮಾತು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ, ಅಲ್ಲಿಂದ ನದಿ ದಂಡೆಯ ರೈತನಿಗೆ ಸಮಯಕ್ಕೆ ಸರಿಯಾಗಿ ಮುಟ್ಟಬೇಕು.

ಭಾಷೆ ಯಾಕೆ ಮುಖ್ಯ?

ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಮಡಕಶಿರಾ 2022ರಲ್ಲಿ ಅನಂತಪುರದಿಂದ ಬೇರ್ಪಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಎರಡೂ ಕಡೆ ಕನ್ನಡ ಮನೆಮಾತಿನವರಿದ್ದಾರೆ. ಆಡಳಿತ ಭಾಷೆ ತೆಲುಗು. ತೆಲುಗು ಮಾತಾಡಲು ಬರುವವರಿಗೆಲ್ಲ ಓದಲು ಬರುತ್ತೆ ಅಂತೇನಿಲ್ಲ. ಮಂಜೇಶ್ವರ, ಉಪ್ಪಳದ ನಮ್ಮ ಬ್ಯಾರಿ ಕುಟುಂಬಗಳಿಗೆ ಇದು ಹೊಸ ವಿಷಯವಲ್ಲ. ಅಲ್ಲಿ ಸರಕಾರದ ಭಾಷೆ ಮಲಯಾಳಂ, ಕನ್ನಡ ಶಾಲೆಯಲ್ಲಿ ಕಲಿತ ಹಿರಿಯರಿಗೆ ಆ ಲಿಪಿಯೇ ಕಷ್ಟ.

ಸಂದೇಶ ಬರೋದು ಹೇಗೆ?

2023ರಲ್ಲಿ ಮೊಬೈಲ್‌ಗಳು ಒಮ್ಮೆಲೇ ಜೋರಾಗಿ ಸದ್ದು ಮಾಡಿದ್ದು ನೆನಪಿದೆಯಾ? ಅದು ಸೆಲ್ ಬ್ರಾಡ್‌ಕಾಸ್ಟ್ ಪರೀಕ್ಷೆ. ನಿಮ್ಮ ನಂಬರ್ ಯಾರ ಬಳಿಯೂ ಇರಬೇಕಾಗಿಲ್ಲ. ಆಯ್ದ ಟವರ್‌ಗಳ ವ್ಯಾಪ್ತಿಯಲ್ಲಿರುವ, ಈ ಸೌಲಭ್ಯವಿರುವ ಫೋನ್‌ಗಳಿಗೆಲ್ಲ ಸಂದೇಶ ಬರುತ್ತದೆ. ಸದ್ದು ಎಲ್ಲರಿಗೂ ಕೇಳಿಸುತ್ತದೆ. ಆದರೆ ಏನು ಮಾಡಬೇಕು ಅನ್ನೋದು ತಿಳಿಯುವುದು ಅಕ್ಷರ ಓದಿದಾಗಲೇ.

ಹವಾಮಾನ ಇಲಾಖೆಯ ಬಣ್ಣಗಳು ಭಾಷೆ ಗೊತ್ತಿಲ್ಲದವರಿಗೂ ಸುಲಭ. ಹಳದಿ ಅಂದರೆ ಗಮನವಿಡಿ, ಕಿತ್ತಳೆ ಅಂದರೆ ಸಿದ್ಧರಾಗಿ, ಕೆಂಪು ಅಂದರೆ ತಕ್ಷಣ ಕ್ರಮ ಕೈಗೊಳ್ಳಿ. ಆದರೆ ಯಾವ ಊರು, ಎಷ್ಟು ಗಂಟೆಗೆ, ಎಲ್ಲಿಗೆ ಹೋಗಬೇಕು ಎಂಬುದನ್ನು ಬಣ್ಣ ಹೇಳುವುದಿಲ್ಲ.

ಕೇಳುವ ಹಕ್ಕಿದೆ

ಭಾಷಾ ಅಲ್ಪಸಂಖ್ಯಾತರು ಶೇ. 15 ಅಥವಾ ಹೆಚ್ಚಿರುವ ಪ್ರದೇಶದಲ್ಲಿ ಮುಖ್ಯ ಸರಕಾರಿ ಪ್ರಕಟಣೆಗಳು ಅವರ ಭಾಷೆಯಲ್ಲೂ ಬರಬೇಕೆಂಬುದು ದೇಶ ಒಪ್ಪಿದ ರಕ್ಷಣೆ. ಇದನ್ನು ನೋಡಿಕೊಳ್ಳಲು ಸಂವಿಧಾನದ 350ಬಿ ವಿಧಿಯಡಿ ವಿಶೇಷ ಅಧಿಕಾರಿಯೂ ಇದ್ದಾರೆ. ಪಂಚಾಯತ್, ಪುರಸಭೆಗೆ ಒಂದು ಮನವಿ ಕೊಡಲು ಮಳೆಗಾಲ ಬರುವ ತನಕ ಕಾಯಬೇಕಾಗಿಲ್ಲ.

ಯುವಕರು ಏನು ಮಾಡಬಹುದು?

ಓದಲು ಬರುವ ಒಬ್ಬರು ಅಧಿಕೃತ ಸಂದೇಶವನ್ನು ಮನೆಮಾತಿನಲ್ಲಿ ವಾಯ್ಸ್ ಮೆಸೇಜ್ ಮಾಡಿ ಜಮಾಅತ್ ಗ್ರೂಪ್‌ಗೆ ಹಾಕಲಿ. ಯಾರು ಹೇಳಿದ್ದು, ಯಾವ ದಿನ, ಎಷ್ಟು ಗಂಟೆ ಎಂಬುದನ್ನು ತಪ್ಪದೆ ಸೇರಿಸಲಿ. ಮೂಲ ಗೊತ್ತಿಲ್ಲದ ಫಾರ್ವರ್ಡ್ ಬೇಡ. ಅಗತ್ಯ ಬಿದ್ದರೆ ಮಸೀದಿಯ ಮೈಕ್ ಇದೆ. ಫೋನ್ ಇಲ್ಲದ ಅಜ್ಜಿಯ ಮನೆ ಬಾಗಿಲಿಗೆ ಮಾತ್ರ ಯಾರಾದರೂ ನಡೆದೇ ಹೋಗಬೇಕು.