ಉತ್ತರ ಸೊನ್ನೆ ಬಂದಾಗ

ಹೋದ ದಸರಾ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಗಣಿತದಲ್ಲಿ ಎಂಎಸ್ಸಿ ಓದುತ್ತಿರುವ ಹುಡುಗ. ಮುಖ ಸಪ್ಪಗಿತ್ತು. "ಡಿಫರೆನ್ಷಿಯಲ್ ಜಾಮಿಟ್ರಿ ನನ್ನಿಂದಾಗದು ಸಾರ್. ಎಂಎಸ್ಸಿ ಬಿಟ್ಟು ಬ್ಯಾಂಕ್ ಪರೀಕ್ಷೆಗೆ ಓದ್ತೀನಿ" ಎಂದ.

ಬಾಗಿದ ಮೇಲ್ಮೈಗಳನ್ನು ಕಲನಶಾಸ್ತ್ರದ ನೆರವಿನಿಂದ ಅಳೆಯುವ ಗಣಿತವದು. ಬಿಎಸ್ಸಿಗೇ ನಿಂತ ನನಗೆ ಅದನ್ನು ಕಲಿಸುವಷ್ಟು ಬರದು. ಆದರೂ ನೋಟ್‌ಬುಕ್ ತೆಗೆಸಿದೆ. ಸಿಲಿಂಡರಿನ ವಕ್ರತೆ ಕಂಡುಹಿಡಿಯುವ ಲೆಕ್ಕ. ಎರಡು ಪುಟ ಅವಕಲನ ಮಾಡಿ ಉತ್ತರ ಸೊನ್ನೆ ಬರೆದು, ಹೊಡೆದುಹಾಕಿದ್ದ. ಮತ್ತೆ ಮಾಡಿದಾಗಲೂ ಸೊನ್ನೆ. ಮೂರನೆಯ ಸಲವೂ ಅದೇ. ಪುಸ್ತಕದಲ್ಲಿದ್ದ ಸೊನ್ನೆಯನ್ನು ಅಚ್ಚಿನ ತಪ್ಪು ಎಂದುಕೊಂಡಿದ್ದನಂತೆ! (ಮಗು ಲೆಕ್ಕ ಬರಲ್ಲ ಎಂದಾಗ ತಂದೆತಾಯಿಗಳು ಅಂಕಪಟ್ಟಿಗಿಂತ ಮೊದಲು ಹೊಡೆದುಹಾಕಿದ ಸಾಲುಗಳನ್ನು ನೋಡುವುದು ಒಳ್ಳೆಯದು.)

"ಬಾಗಿರೋದು ಕಣ್ಣಿಗೇ ಕಾಣುತ್ತಲ್ಲ ಸಾರ್, ಸೊನ್ನೆ ಹೇಗಾಗುತ್ತೆ?"

ಹಳೆಯ ಪೇಪರಿನ ಹಾಳೆಯೊಂದನ್ನು ಸುರುಳಿ ಸುತ್ತಿ ಕೊಟ್ಟೆ. ಎಲ್ಲಾದರೂ ಹಿಗ್ಗಿತೇ, ಸುಕ್ಕಾಯಿತೇ? ಇಲ್ಲ. ಅದೇ ಹಾಳೆಯನ್ನು ಫುಟ್‌ಬಾಲಿಗೆ ಸುತ್ತಲು ಹೇಳಿದೆ. ಹಾಳೆಯೆಲ್ಲ ಮುದ್ದೆ. ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಒಂದು ಬಿಂದುವಿನಲ್ಲಿ ಮೇಲ್ಮೈ ಅತಿ ಹೆಚ್ಚು ಬಾಗುವ ದಿಕ್ಕು, ಅತಿ ಕಡಿಮೆ ಬಾಗುವ ದಿಕ್ಕು, ಈ ಎರಡರ ಬಾಗುಗಳ ಗುಣಲಬ್ಧವೇ ಗೌಸ್ ವಕ್ರತೆ. 5 ಸೆಂ.ಮೀ. ತ್ರಿಜ್ಯದ ಸಿಲಿಂಡರಿನ ಸುತ್ತಲಿನ ಬಾಗು 1/5. ಉದ್ದಕ್ಕೆ ಅದು ನೇರ, ಅಂದರೆ 0. ಗುಣಿಸಿದರೆ ಸೊನ್ನೆ. 10 ಸೆಂ.ಮೀ. ತ್ರಿಜ್ಯದ ಚೆಂಡಿನಲ್ಲಿ ಎಲ್ಲ ದಿಕ್ಕಿಗೂ 1/10, ವಕ್ರತೆ 1/100. ಕುದುರೆಯ ಜೀನು ಒಂದು ದಿಕ್ಕಿಗೆ ಮೇಲಕ್ಕೂ ಇನ್ನೊಂದಕ್ಕೆ ಕೆಳಕ್ಕೂ ಬಾಗುವುದರಿಂದ ಅದರದು ಋಣ ಸಂಖ್ಯೆ.

ಮೇಲ್ಮೈ ಬಿಟ್ಟು ಆಚೆ ಬಾರದ ಇರುವೆ ಕೂಡ ಅಲ್ಲಿನ ದೂರಗಳನ್ನಷ್ಟೇ ಅಳೆದು ಈ ವಕ್ರತೆಯನ್ನು ತಿಳಿಯಬಲ್ಲದು. ಇದನ್ನು 1827ರಲ್ಲಿ ಸಾಧಿಸಿದ ಜರ್ಮನಿಯ ಗೌಸ್, 'ಅಸಾಮಾನ್ಯ ಪ್ರಮೇಯ' ಎಂದು ತಾನೇ ಕರೆದ. ಹಾಳೆಯನ್ನು ಹಿಗ್ಗಿಸದೆ ಸುತ್ತಿದರೆ ದೂರಗಳು ಬದಲಾಗವು; ಹಾಗಾಗಿ ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ. ಭೂಮಿಯ ಎಲ್ಲ ದೂರಗಳನ್ನೂ ಸರಿಯಾಗಿ ತೋರುವ ಚಪ್ಪಟೆ ನಕ್ಷೆ ಬರೆಯಲಾಗದಿರುವುದಕ್ಕೂ ಇದೇ ಕಾರಣ.

ಅಂದು ಊಟಕ್ಕೆ ಕೂರುವ ಮುಂಚೆ ಗೋಳದ ಲೆಕ್ಕವನ್ನು ಅವನೇ ಮುಗಿಸಿದ. ಉತ್ತರವನ್ನು ಹೊಡೆದುಹಾಕಲಿಲ್ಲ.

ಮೊನ್ನೆ ಫೋನು ಮಾಡಿದ್ದ. ಹಾಸ್ಟೆಲಿನಲ್ಲಿ ಉದ್ದಿನ ವಡೆ ಮುಂದಿಟ್ಟುಕೊಂಡು ಕೂತಿದ್ದನಂತೆ. "ಹೊರಗಡೆ ಧನ, ತೂತಿನ ಕಡೆ ಋಣ ಸಾರ್. ನಡುವೆ ಸೊನ್ನೆ ಎಲ್ಲಿ ಬರುತ್ತೆ ಅಂತ ಹುಡುಕ್ತಿದ್ದೀನಿ."